ನಾಲ್ಕು ನಿಮಿಷವಲ್ಲ, ನಾಲ್ಕು ಗಂಟೆ

ತ್ಯಾಗರಾಜನಗರ, ಬೆಂಗಳೂರು
ಸೋಮವಾರ, 9 ಫೆಬ್ರವರಿ 2004

ಪ್ರೀತಿಯ ತಿರುಮಲೇಶಣ್ಣಾ,

‘ಪ್ರೀತಿಯ’ ಅಂತ ಅಭ್ಯಾಸಬಲದಿಂದ ಬರೆದುಬಿಟ್ಟೆ. ಹೊಡೆದುಹಾಕೋಣ ಅನ್ನಿಸ್ತು, ಇರಲಿ ಅಂತ ಬಿಟ್ಟೆ. ಕಣ್ಣು ಹೇಗಿದೆ? ಪೊರೆ ತೆಗೆಸಿ ಮೂರು ವಾರವಾಯ್ತಲ್ಲ, ಡ್ರಾಪ್ಸ್ ಹೊತ್ತುಹೊತ್ತಿಗೆ ಹಾಕ್ಕೋತಿದೀಯಾ? ಪುಣೆಯ ಧೂಳಲ್ಲಿ ಕಪ್ಪು ಕನ್ನಡಕ ಇಲ್ಲದೆ ತಿರುಗಬೇಡ. ಅತ್ತಿಗೆಗೆ ಕಳಿಸಿದ ಮಂಡಿನೋವಿನ ಎಣ್ಣೆ ತಲುಪಿತೇ? ಡಾಕ್ಟರು ಓದೋಕೆ ಒಪ್ಪಿದ್ದಾರೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಒಳ್ಳೇದಾಯ್ತು. ಈ ಕಾಗದವನ್ನು ಅತ್ತಿಗೆ ಕೈಲಿ ಓದಿಸಬೇಡ. ನೀನೇ ಓದು.

ನಿನ್ನೆ ಜಯನಗರದಲ್ಲಿ ನಿನ್ನ ಕಾಲೇಜು ಗೆಳೆಯ ಭಾರ್ಗವನ ಮನೆ ಮಹಡಿ ಮೇಲೆ ನಮ್ಮ ಓದುಗರ ಬಳಗ ಸೇರಿತ್ತು. ನಿನ್ನ ವಿಜ್ಞಾನ ಕತೆಗಳ ಸಂಕಲನ ಮೂವತ್ತೈದು ವರ್ಷದ ಮೇಲೆ ಮೂರನೇ ಸಲ ಅಚ್ಚಾಗಿದೆ ಅಂತ, ಎಲ್ಲರೂ ಅದರಲ್ಲಿ ತಮಗೆ ಇಷ್ಟವಾದ ಒಂದು ಕತೆ ಹೇಳಬೇಕು ಅಂತ ಇಟ್ಕೊಂಡಿದ್ದರು. ಹದಿನಾಲ್ಕು ಜನ ಬಂದಿದ್ದೆವು. ಒಬ್ಬರು ಮಳೆ ಮಾರುವ ಯಂತ್ರದ ಕತೆ ಅಂದರು. ಇನ್ನೊಬ್ಬರಿಗೆ ರೇಷನ್ ಅಂಗಡಿಯ ಯಂತ್ರಮಾನವ ಇಷ್ಟ. ಅವೆಲ್ಲ ನೀನು ಬರೆದವೇ, ಚೆನ್ನಾಗೂ ಇವೆ, ನಾನೂ ನಕ್ಕೆ. ಆದರೆ ಹದಿನಾಲ್ಕರಲ್ಲಿ ಎಂಟು ಜನ ಹೇಳಿದ್ದು ಒಂದೇ ಕತೆ. ‘ಉತ್ತರ ಬರುವ ಹೊತ್ತು’. ಯಾವ ಕತೆ ಅಂತ ನಿನಗೆ ಗೊತ್ತು, ಅದನ್ನು ಬರೆದವರು ಯಾರು ಅಂತಲೂ ಗೊತ್ತು.

ನಮ್ಮ ಬಳಗಕ್ಕೆ ಯಲ್ಲವ್ವ ಅಂತ ಒಬ್ಬಳು ಬರ್ತಾಳೆ, ಬಾಗಲಕೋಟೆ ಕಡೆಯವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಯಾವುದೋ ಆಫೀಸಿನಲ್ಲಿ ಕೆಲಸ. ಮಗಳನ್ನು ಊರಲ್ಲಿ ತಾಯಿ ಹತ್ತಿರ ಬಿಟ್ಟು ಬಂದಿದ್ದಾಳೆ. ಅವಳು ಪುಸ್ತಕ ಬಿಚ್ಚಲೇ ಇಲ್ಲ, ಬಾಯಲ್ಲೇ ಹೇಳಿದಳು. ನೆಪ್ಚೂನಿನ ಹತ್ತಿರ ಕಾವಲಿಗಿರುವ ತಾಯಿ ಭೂಮಿಯಲ್ಲಿರುವ ಮಗಳಿಗೆ ರೇಡಿಯೋದಲ್ಲಿ ‘ಊಟ ಆಯ್ತಾ?’ ಅಂತ ಕೇಳ್ತಾಳೆ. ಆ ಮಾತು ತಲುಪುವ ಹೊತ್ತಿಗೆ ಮಗು ಮಲಗಿಬಿಟ್ಟಿರುತ್ತೆ. “ನಾ ಎಸ್‌ಟಿಡಿ ಬೂತಿನ್ಯಾಗ ನಿಂತು ‘ಉಂಡೀ ಏನವ್ವಾ’ ಅಂತ ಕೇಳೂದು ಇದ ರೀ. ಈ ಕತಿ ಗಂಡಸ ಬರದಾನ ಅಂದ್ರ ನಾ ನಂಬಂಗಿಲ್ಲ” ಅಂದಳು. ಎಲ್ಲರೂ ನಕ್ಕರು. ನಾನು ಮಾತ್ರ ಲೋಟ ಕೆಳಗಿಟ್ಟೆ.

ಆಗಲೂ ಸುಮ್ಮನೆ ಕೂತಿದ್ದೆ ಕಣೋ. ಮೂವತ್ತೈದು ವರ್ಷ ಕೂತವಳಿಗೆ ಇನ್ನೊಂದು ಭಾನುವಾರ ಕಷ್ಟವೇ? ಆದರೆ ಗುರುಶಾಂತಪ್ಪ ಅಂತ ಒಬ್ಬರಿದ್ದಾರೆ, ಟೆಲಿಫೋನ್ ಇಲಾಖೆಯಿಂದ ರಿಟೈರಾದವರು, ಬಹಳ ಕರಾರುವಾಕ್ಕು. ಅವರು ಕನ್ನಡಕ ಏರಿಸಿ, “ನನಗೂ ಇದೇ ಇಷ್ಟ. ಆದರೆ ಲೆಕ್ಕ ಪೂರಾ ತಪ್ಪು. ಅಲ್ಲಿಂದ ಮಾತು ಬರೋಕೆ ನಾಲ್ಕು ನಿಮಿಷ ಅಂತ ಬರೆದಿದ್ದಾರೆ. ನಾಲ್ಕೇ ನಿಮಿಷ ಆದರೆ ಆ ತಾಯಿ ಅಳೋದು ಯಾಕೆ? ಸ್ವಲ್ಪ ಕಾದರೆ ಆಯ್ತಪ್ಪ. ಬರೆದವರಿಗೆ ವಿಜ್ಞಾನ ಗೊತ್ತಿಲ್ಲ” ಅಂದರು. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. “ನಿಮಿಷ ಅಲ್ಲ ಸಾರ್, ಗಂಟೆ. ನಾಲ್ಕು ಗಂಟೆ. ನಾನು ಗಂಟೆ ಅಂತಲೇ ಬರೆದಿದ್ದೆ” ಅಂದುಬಿಟ್ಟೆ.

ಮಹಡಿ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಗಂಟೆಯನ್ನು ನಿಮಿಷ ಮಾಡಿದ್ದು ನೀನು. ನಿನ್ನ ಮುತ್ತಿನಂಥ ಅಕ್ಷರದಲ್ಲಿ ಪ್ರತಿ ತೆಗೆಯುವಾಗ, ‘ಬೆಳಕು ಅಷ್ಟು ನಿಧಾನ ಅಂದ್ರೆ ಯಾರೂ ನಂಬಲ್ಲ ಕಣೇ’ ಅಂದಿದ್ದೆ. ನನಗೆ ಹತ್ತೊಂಬತ್ತು. ಮದುವೆ ಗೊತ್ತಾಗಿತ್ತು, ಕಾಲೇಜು ಬಿಡಿಸಿ ಆಗಿತ್ತು. ‘ಹುಡುಗಿ ಇಂಥದ್ದೆಲ್ಲ ಬರೀತಾಳೆ ಅಂದ್ರೆ ಬೀಗರು ಏನಂದುಕೊಳ್ತಾರೆ? ಸದ್ಯಕ್ಕೆ ಪತ್ರಿಕೆಯಲ್ಲಿ ನನ್ನ ಹೆಸರಿರಲಿ, ಪುಸ್ತಕದಲ್ಲಿ ನಿನ್ನ ಹೆಸರು ಹಾಕ್ತೀನಿ’ ಅಂದೆ. ಪುಸ್ತಕ ಬಂತು, ಹೆಸರಿಲ್ಲ. ಎರಡನೇ ಮುದ್ರಣ ಅಂದೆ. ಅದರಲ್ಲೂ ಇಲ್ಲ. ಈಗ ಮೂರನೆಯದರಲ್ಲಿ ಮುನ್ನುಡಿ ಬರೆದಿದ್ದೀಯಲ್ಲ, ಏನಂತ? ‘ಹೊತ್ತು ಹೊತ್ತಿಗೆ ಕಾಫಿ ಮಾಡಿಕೊಟ್ಟು ಹುರಿದುಂಬಿಸಿದ ತಂಗಿ ವಿಮಲಾ’! ಅಣ್ಣಾ, ಹೆಸರು ಬಿಟ್ಟಿದ್ದರೂ ತಡ್ಕೊಳ್ತಿದ್ದೆ. ಕಾಫಿ ಮಾಡಿದವಳು ಅಂತ ಬರೆಯೋಕೆ ನಿನಗೆ ಹೇಗೆ ಕೈ ಬಂತು?

ಭಾರ್ಗವ ಮೆಲ್ಲಗೆ ನನ್ನ ಹತ್ತಿರ ಬಂದು, “ವಿಮಲಾ, ವಯಸ್ಸಾದ ಮೇಲೆ ನೆನಪು ಕಲಸಿಹೋಗುತ್ತಮ್ಮ. ಅಣ್ಣನ ಹೆಸರು ಕೆಡಿಸಬೇಡ” ಅಂದ. ನನಗಿನ್ನೂ ಐವತ್ತೇಳು ಕಣೋ! ಮೈಯೆಲ್ಲ ಉರಿದುಹೋಯ್ತು. “ಹತ್ತು ನಿಮಿಷ ಯಾರೂ ಏಳಬೇಡಿ” ಅಂತ ಹೇಳಿ, ಮೆಟ್ಟಿಲು ಇಳಿದು ಆಟೋ ಹಿಡಿದೆ. ಮನೆಗೆ ಬಂದು ಟ್ರಂಕು ಬೋರಲು ಹಾಕಿ ಕಾಲೇಜಿನ ನನ್ನ ಫಿಸಿಕ್ಸ್ ರೆಕಾರ್ಡು ಪುಸ್ತಕ ಹುಡುಕಿದೆ. ಹತ್ತು ನಿಮಿಷ ಹೋಗಿ ಮುಕ್ಕಾಲು ಗಂಟೆ ಆಯ್ತು. ವಾಪಸ್ಸು ಹೋದರೆ ಹದಿಮೂರು ಜನವೂ ಕೂತಿದ್ದರು. ಲೋಲಕದ ಪ್ರಯೋಗದ ಪುಟ ಮುಗಿದ ಮೇಲೆ ಇಡೀ ಕತೆ ಹಸಿರು ಶಾಯಿಯಲ್ಲಿದೆ. ಕೊನೆಗೆ ನಮ್ಮ ಲೆಕ್ಚರರ್ ಕೆಂಪಲ್ಲಿ ಬರೆದಿದ್ದಾರೆ: ‘ಇದು ಪ್ರಯೋಗವಲ್ಲ. ಆದರೂ ಮುಂದುವರಿಸು.’ ಕೆಳಗೆ ಸಹಿ, 14-11-66. ಗುರುಶಾಂತಪ್ಪನವರು ಬೆರಳಿಟ್ಟು ಸಾಲು ಸಾಲು ಓದಿ, ‘ನಾಲ್ಕು ಗಂಟೆ’ ಬಂದ ಕಡೆ ನಿಂತರು. “ಮೇಡಂ, ವಿಜ್ಞಾನ ಗೊತ್ತಿಲ್ಲ ಅಂದೆ, ತಪ್ಪಾಯ್ತು” ಅಂತ ಎದ್ದು ಕೈಮುಗಿದರು. ಭಾರ್ಗವ ನನ್ನ ಮುಖ ನೋಡಲಿಲ್ಲ. ಯಲ್ಲವ್ವ ಆ ರೆಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಕತೆಯನ್ನು ಮೊದಲಿಂದ ಓದೋಕೆ ಶುರು ಮಾಡಿದಳು.

ನಾನೂ ಸುಮ್ಮನಿದ್ದೆನಲ್ಲ, ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಒಂದನ್ನು ಮಾತ್ರ ನುಂಗೋಕೆ ಆಗ್ತಿಲ್ಲ. ನಮ್ಮವರಿಗೆ ಈ ಕತೆ ಅಂದರೆ ಪ್ರಾಣ. ಮನೆಗೆ ಯಾರೇ ಬರಲಿ, ‘ನಮ್ಮ ಭಾವಮೈದುನ ಬರೆದದ್ದು’ ಅಂತ ಓದಿ ಹೇಳೋರು. ನಾನು ಅಡಿಗೆಮನೆಯಲ್ಲಿ ನಿಂತು ಕೇಳಿಸ್ಕೊಂಡೆ, ಒಂದು ದಿನವಲ್ಲ, ಇಪ್ಪತ್ತೊಂಬತ್ತು ವರ್ಷ. ನೀನು ಅವರ ಕಣ್ಣಲ್ಲಿ ಸಣ್ಣವನಾಗಬಾರದು ಅಂತ ಬಾಯಿ ಬಿಡಲಿಲ್ಲ. ಅವರು ಹೋಗಿ ಏಳು ವರ್ಷವಾಯ್ತು. ತಮ್ಮ ಹೆಂಡತಿ ಏನು ಬರೆದಳು ಅಂತ ತಿಳಿಯದೇ ಹೋದರು. ಇದನ್ನು ಯಾವ ಮುದ್ರಣದಲ್ಲಿ ತಿದ್ದುತೀಯೋ?

ಅತ್ತಿಗೆಗೆ ನಮಸ್ಕಾರ. ತನ್ಮಯಿಗೆ ಈ ಅತ್ತೆಯ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ. ನಿನಗೆ ನಮಸ್ಕಾರ ಬರೆಯೋಕೆ ಈ ಸಲ ಮನಸ್ಸು ಬರ್ತಿಲ್ಲ. ಕಣ್ಣಿಗೆ ಮಾತ್ರ ನೀರು ತಾಗಿಸಬೇಡ.

ನಿನ್ನ ತಂಗಿ,
ವಿಮಲಾ

ತಾ.ಕ.: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ನಡೆದದ್ದನ್ನೆಲ್ಲ ಬರೆದು, ಬಳಗದವರು ಪ್ರಕಾಶಕರಿಗೊಂದು ಕಾಗದ ತಯಾರು ಮಾಡಿದ್ದಾರೆ. ಹನ್ನೆರಡು ಜನರ ಸಹಿ ಬಿದ್ದಿದೆ. ಭಾರ್ಗವನದ್ದೂ ಇವತ್ತು ಬೆಳಿಗ್ಗೆ ಬಿತ್ತು. ಬರುವ ಸೋಮವಾರ ಅಂಚೆಗೆ ಹಾಕುತ್ತಾರೆ. ನಾನು ಬೇಡ ಅನ್ನಲಿಲ್ಲ, ಒಂದು ವಾರ ತಡೀರಿ ಅಂದೆ, ಅಷ್ಟೆ. ಅಷ್ಟರೊಳಗೆ ನೀನೇ ಪ್ರಕಾಶಕರಿಗೆ ಬರೆದರೆ ಅದು ನೀನು ಒಪ್ಪಿಕೊಂಡ ಹಾಗೆ. ಆಮೇಲೆ ಬರೆದರೆ ಸಿಕ್ಕಿಬಿದ್ದ ಹಾಗೆ.