ತಟ್ಟೆಯಲ್ಲಿ ಉಳಿದ ಅರ್ಧ ಮುದ್ದೆ

ಸದಾಶಿವನಗರ, ತುಮಕೂರು
೧೪ ಜುಲೈ ೨೦೦೨, ಭಾನುವಾರ

ಶೃತಿಯ ಅಪ್ಪನಿಗೆ, ಶಾಂತಲಾ ಮಾಡುವ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಮೊಣಕಾಲು ನೋವು ಕಡಿಮೆಯಾಯಿತೇ? ನಾನು ಕಳಿಸಿದ ಎಣ್ಣೆ ತಲುಪಿತೋ ಇಲ್ಲವೋ ನೀವು ಬರೆಯಲಿಲ್ಲ. ತಲುಪಿದ್ದರೆ ನೀವೇ ಹಚ್ಚಿಕೊಳ್ಳಿ, ಬ್ಯಾರಕ್ಕಿನವರಿಗೆಲ್ಲ ದಾನ ಮಾಡಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ಮಾವನವರ ಕೆಮ್ಮು ಹಾಗೇ ಇದೆ, ಬೀಡಿಯೂ ಹಾಗೇ ಇದೆ. ಶೃತಿ ಎಂಟನೇ ತರಗತಿಗೆ ಬಂದಳು. ಲೆಕ್ಕದಲ್ಲಿ ನಿಮ್ಮ ಹಾಗೆ, ಬಾಯಲ್ಲಿ ನನ್ನ ಹಾಗೆ ಎಂದು ಮಾವ ಹೇಳುತ್ತಾರೆ. ಅದು ಹೊಗಳಿಕೆಯೋ ಅಲ್ಲವೋ ನಾನು ಕೇಳಲು ಹೋಗಿಲ್ಲ. ನಾನು ಎಂದಿನಂತೆ ಗುಬ್ಬಿ ಬಸ್ಸು ಹಿಡಿದು ಶಾಲೆಗೆ ಹೋಗಿ ಬರುತ್ತಿದ್ದೇನೆ. ಈ ವರ್ಷ ನಾಲ್ಕನೇ ತರಗತಿ ಕೊಟ್ಟಿದ್ದಾರೆ, ಐವತ್ತೆರಡು ಮಕ್ಕಳು.

ನಿಮ್ಮ ಪತ್ರ ಬಂದು ಹನ್ನೊಂದು ದಿನವಾಯಿತು. ಇನ್ನೆರಡು ವರ್ಷ ಸೇವೆಯಲ್ಲಿ ಮುಂದುವರಿಯುವ ಕಾಗದ ಕೈಯಲ್ಲಿದೆ, ತಿಂಗಳ ಕೊನೆಯೊಳಗೆ ಸಹಿ ಹಾಕಿ ಕೊಡಬೇಕು, ಹಾಕದಿದ್ದರೆ ಅಕ್ಟೋಬರಿಗೆ ಮನೆಗೆ, ನಿನ್ನ ಇಷ್ಟ ಹೇಗೋ ಹಾಗೆ ಎಂದು ಬರೆದಿದ್ದೀರಿ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ನನ್ನ ಇಷ್ಟ ಕೇಳಿದ್ದು ಇದೇ ಮೊದಲು. ಅಭ್ಯಾಸವಿಲ್ಲದ್ದರಿಂದ ಉತ್ತರ ತಡವಾಯಿತು. ಆ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನಾವು ಒಂದು ಸಿನಿಮಾ ನೋಡಿದ್ದನ್ನು ಹೇಳಬೇಕು.

ಸೈನ್ಯ ಗಡಿಗೆ ಹೋದ ಡಿಸೆಂಬರಿನಿಂದ ಮಾವನವರಿಗೆ ಟಿವಿ ವಾರ್ತೆ ಬಿಟ್ಟು ಬೇರೆ ಏನೂ ಬೇಡವಾಗಿದೆ. “ಯುದ್ಧ ಆಯ್ತದಾ ಇಲ್ವಾ, ಅದಾದ್ರೂ ಹೇಳವ್ವ” ಎಂದು ವಾರ್ತೆ ಓದುವವಳನ್ನೇ ಕೇಳುತ್ತಾರೆ. ಕಡೆಗೆ ನಿಮ್ಮ ತಮ್ಮ ನಾಗಭೂಷಣನನ್ನು ಕರೆದು, “ಒಂದ್ ಯುದ್ಧದ ಪಿಕ್ಚರ್ ತಗೊಂಬಾರ್ಲಾ. ಅಲ್ಲಿ ಅವ್ನು ದಿನಾ ಏನ್ ಮಾಡ್ತವ್ನೆ ನೋಡಾನ” ಅಂದರು. ಅವನು ಅಂತರಸನಹಳ್ಳಿಯ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬರುವಾಗ ಶಿರಾ ಗೇಟಿನ ಸಿ.ಡಿ. ಅಂಗಡಿಗೆ ಹೋಗಿದ್ದಾನೆ. ಹಿಂದಿಯವೆಲ್ಲ ಬಾಡಿಗೆಗೆ ಹೋಗಿದ್ದವಂತೆ. ಅಂಗಡಿಯವನು ಜಪಾನಿನ ಕಾರ್ಟೂನ್ ಒಂದನ್ನು ಕೈಗಿಟ್ಟು, “ಇದೂ ವಾರ್ ಪಿಕ್ಚರೇ ಸಾರ್, ಯಾರೂ ಕೇಳಲ್ಲ, ಎಷ್ಟು ದಿನ ಬೇಕಾದ್ರೂ ಇಟ್ಕೊಳಿ” ಅಂದನಂತೆ. ಯಾರೂ ಏಕೆ ಕೇಳುವುದಿಲ್ಲ ಎಂದು ಇವನಾದರೂ ಕೇಳಬೇಕಿತ್ತು.

ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕೂತೆವು. ಎರಡು ಡಿಸ್ಕು, ಎರಡರ ಮೇಲೂ ಜಪಾನಿ ಅಕ್ಷರ. ನಾಗಭೂಷಣ ಕೈಗೆ ಸಿಕ್ಕಿದ್ದನ್ನು ಹಾಕಿದ. ಮಾತು ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು, ಶೃತಿ ಅದನ್ನು ಓದಿ ತಾತನಿಗೆ ಕನ್ನಡದಲ್ಲಿ ಹೇಳಬೇಕು ಎಂದು ಒಪ್ಪಂದ. ಅವಳಿಗೆ ಹೆಚ್ಚು ಕೆಲಸ ಬೀಳಲಿಲ್ಲ. ಒಬ್ಬ ಸೈನಿಕ ಮನೆಗೆ ಬರುತ್ತಾನೆ, ಅಷ್ಟೇ. ಬಾಗಿಲ ಬಳಿ ಶೂ ಬಿಚ್ಚುವುದನ್ನೇ ಐದು ನಿಮಿಷ ತೋರಿಸುತ್ತಾರೆ. ಹೆಂಡತಿ ಮೂಲಂಗಿ ಕೀಳುತ್ತಾಳೆ, ತೊಳೆಯುತ್ತಾಳೆ, ಹೆಚ್ಚುತ್ತಾಳೆ. “ಒಂದ್ ಬಾಂಬೂ ಹಾಕಲ್ವಲ್ಲ ಅತ್ಗೆ” ಎಂದು ನಾಗಭೂಷಣ ಗೊಣಗಿದ. “ತಾಳಿದವನು ಬಾಳಿಯಾನು, ಸುಮ್ನೆ ಕೂತ್ಕಳ್ಲಾ” ಎಂದು ಮಾವ ಗದರಿದರು. ಅರ್ಧ ಗಂಟೆಗೆ ಅವನು ತಾಳಲಾರದೆ ಎದ್ದು ಹೋದ.

ಅದರಲ್ಲಿ ಆ ಸೈನಿಕ ಹೊತ್ತು ಹೊತ್ತಿಗೂ ಬಟ್ಟಲಿನ ಅನ್ನ ಅರ್ಧ ತಿಂದು, ಉಳಿದರ್ಧವನ್ನು ಒಂದು ಪಕ್ಕಕ್ಕೆ ನೀಟಾಗಿ ಸರಿಸಿ ಏಳುತ್ತಾನೆ. ಹೆಂಡತಿ ಏನೂ ಅನ್ನುವುದಿಲ್ಲ, ಬಟ್ಟಲು ನೋಡುತ್ತಾಳೆ. “ಬಡ್ಸಿದ್ ಅನ್ನ ಬುಡ್ತಾನಲ್ಲ, ಎಷ್ಟು ಕೊಬ್ಬು ಇವನ್ಗೆ” ಎಂದು ಮಾವ ಬೈದರು. ನಾನು ಆ ಹೆಂಡತಿಯ ಕಡೆಯೇ ಇದ್ದೆ. ಹೋದ ಅಕ್ಟೋಬರಿನ ರಜೆಯಲ್ಲಿ ನೀವು ಇಪ್ಪತ್ತೆಂಟು ದಿನ ಇದ್ದಿರಿ. ಒಂದು ದಿನವೂ ಮುದ್ದೆ ಪೂರ್ತಿ ಉಣ್ಣಲಿಲ್ಲ. ಕತ್ತರಿಸಿದ ಹಾಗೆ ಅರ್ಧ ಉಳಿಸಿ, ಅದಕ್ಕೆ ಸಾರೂ ತಾಗಿಸದೆ, ತಟ್ಟೆಯ ಅಂಚಿಗೆ ಸರಿಸಿ ಕೈ ತೊಳೆಯುತ್ತಿದ್ದಿರಿ. ಸೊಪ್ಪಿನ ಸಾರು ಮಾಡಿದೆ, ಕೋಳಿ ಮಾಡಿದೆ, ಹುಳಿ ಕಮ್ಮಿ ಮಾಡಿದೆ, ಮುದ್ದೆಯನ್ನೇ ಸಣ್ಣದಾಗಿ ಕಟ್ಟಿದೆ. ಸಣ್ಣದರಲ್ಲೂ ಅರ್ಧ. ಗಂಗಸಂದ್ರದ ಹಿಟ್ಟಿನ ಗಿರಣಿ ಬದಲಾಯಿಸಿದ್ದೂ ಅದಕ್ಕೇ, ನಿಮಗೆ ಗೊತ್ತಿಲ್ಲ.

ಕೊನೆಯಲ್ಲಿ ಅವನು ಒಂದು ದಿನ ಬಟ್ಟಲು ಪೂರ್ತಿ ಖಾಲಿ ಮಾಡುತ್ತಾನೆ, ಆ ಹೆಂಡತಿ ಹಿತ್ತಲಿಗೆ ಹೋಗಿ ಅಳುತ್ತಾಳೆ. ಇದೇನು ಇಷ್ಟಕ್ಕೆ ಅಳು ಎಂದುಕೊಂಡು, ಇಂಟರ್ವಲ್ ಬಂತೆಂದು ನಾನು ಕಾಫಿಗೆ ಎದ್ದೆ. ಇನ್ನೊಂದು ಡಿಸ್ಕು ಹಾಕಿದ ಮೇಲೆ, ಹೆಸರುಗಳು ಬರುವುದನ್ನು ನೋಡಿ ಶೃತಿ ಕಿರುಚಿದಳು. ನಾವು ಮೊದಲು ನೋಡಿದ್ದು ಎರಡನೆಯ ಡಿಸ್ಕು, ಕಥೆಯ ಶುರು ಇದರಲ್ಲಿತ್ತು.

ನಿಲ್ಲಿಸಿಬಿಡೋಣ ಎಂದೆ. ಮಾವ ಬೇಡವೆಂದರು. ಅದೂ ನಿಧಾನವೇ. ಹಿಮದ ಗುಡ್ಡ, ಮೇಲೊಂದು ಕಾವಲು ಗುಡಿಸಲು, ಇಬ್ಬರು ಸೈನಿಕರು, ಅವರಲ್ಲಿ ಒಬ್ಬ ಆ ಮೂಲಂಗಿ ಮನೆಯವನೇ. ಒಬ್ಬ ಕಾವಲಿಗೆ ನಿಂತರೆ ಇನ್ನೊಬ್ಬ ಒಳಗೆ. ದಿನಕ್ಕೊಮ್ಮೆ ಕೆಳಗಿನಿಂದ ಹಗ್ಗಕ್ಕೆ ಕಟ್ಟಿದ ಡಬ್ಬಿಯಲ್ಲಿ ಅನ್ನ ಬರುತ್ತದೆ. ಒಳಗಿದ್ದವನು ಅರ್ಧ ತಿಂದು, ಉಳಿದರ್ಧವನ್ನು ಹೊರಗಿರುವವನಿಗೆ ಸರಿಸಿಟ್ಟು ಮುಚ್ಚಳ ಹಾಕುತ್ತಾನೆ. ಇದನ್ನೇ ಎಷ್ಟು ಸಲ ತೋರಿಸಿದರೋ, ನಾನು ಎಣಿಸುವುದನ್ನು ಬಿಟ್ಟೆ. ಒಂದು ಬೆಳಗ್ಗೆ ಹೊರಗಿದ್ದವನು ಒಳಗೆ ಬರುವುದಿಲ್ಲ. ಗುಂಡಿನ ಸದ್ದಿಲ್ಲ, ರಕ್ತವಿಲ್ಲ. ಮುಚ್ಚಳ ಹಾಗೇ ಇರುತ್ತದೆ. ಮಾರನೆಯ ದಿನವೂ ಇವನು ಅರ್ಧವೇ ತಿಂದು ಅರ್ಧ ಎತ್ತಿಡುತ್ತಾನೆ. ಅದರ ಮಾರನೆಯ ದಿನವೂ. ಅಷ್ಟಕ್ಕೆ ಮುಗಿಯಿತು.

ಯಾರೂ ಟಿವಿ ಆರಿಸಲಿಲ್ಲ. ಮಾವ, “ಬುಡೋದಲ್ಲ ಕಣವ್ವ ಅದು, ಎತ್ತಿಡೋದು” ಅಂದರು. ಸಿನಿಮಾದ ಮಾತೋ ನಿಮ್ಮ ಮಾತೋ ಗೊತ್ತಾಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಕುಣಿಗಲ್ಲಿನ ರಂಗನಾಥ್ ನಿಮ್ಮ ಕಾವಲು ಪೋಸ್ಟಿನಲ್ಲೇ ಇದ್ದರು, ಹೋದ ವರ್ಷ ಜುಲೈಯಲ್ಲಿ ತೀರಿಕೊಂಡರು. ನೀವು ನನಗೆ ಹೇಳಿದ್ದು ಇಷ್ಟೇ, ನಾನು ಕೇಳಿದ್ದೂ ಇಷ್ಟೇ. ರಜೆಯಲ್ಲಿ ಒಂದು ದಿನ ಅವರ ಮನೆಗೆ ಹೋಗಿದ್ದೆವು. ಅವರ ತಾಯಿ ಪುಟ್ಟಗಂಗಮ್ಮ ಮುದ್ದೆ, ಹುರುಳಿ ಸಾರು ಬಡಿಸಿದರು. ನೀವು ತಟ್ಟೆಯಲ್ಲಿ ಒಂದು ಚೂರೂ ಉಳಿಸಲಿಲ್ಲ. ನನ್ನ ಕೈ ಅಡುಗೆ ಸೇರುವುದಿಲ್ಲ, ಕಂಡವರ ಮನೆಯದು ಸೇರುತ್ತದೆ ಎಂದು ನನಗೆ ಎಷ್ಟು ಸಿಟ್ಟು ಬಂತೆಂದರೆ, ವಾಪಸ್ಸು ಬರುವಾಗ ತುಮಕೂರು ಮುಟ್ಟುವವರೆಗೂ ಕಿಟಕಿ ನೋಡುತ್ತಾ ಕೂತಿದ್ದೆ. ರಂಗನಾಥರ ಪಾಲನ್ನು ಅವರದೇ ಮನೆಯಲ್ಲಿ ಎತ್ತಿಡುವ ಅಗತ್ಯವಿರಲಿಲ್ಲ ಎಂದು ನನಗೆ ಹೊಳೆಯಲು ಒಂಬತ್ತು ತಿಂಗಳು ಬೇಕಾಯಿತು, ಅದೂ ಜಪಾನಿನವರು ಬಂದು ಹೇಳಬೇಕಾಯಿತು. ನನಗೆ ತುಂಬಾ ನಾಚಿಕೆಯಾಗಿದೆ. ನಾನು ತಪ್ಪು ತಿಳಿದಿದ್ದೇನೋ ಏನೋ, ಇದು ಬೇರೇನೋ ಇರಬಹುದು. ಆಗಲೂ ಕೇಳದೆ ಇದ್ದದ್ದು ತಪ್ಪೇ.

ಮಾವನವರು ಆಶೀರ್ವಾದ ತಿಳಿಸಿದ್ದಾರೆ. ಶೃತಿ ಪ್ರತ್ಯೇಕ ಹಾಳೆಯಲ್ಲಿ ಬರೆದಿದ್ದಾಳೆ, ನಾನು ಓದಬಾರದಂತೆ. ಮೈ ಬೆಚ್ಚಗಿಟ್ಟುಕೊಳ್ಳಿ. ನಿಮ್ಮ ಜೊತೆಯವರಿಗೆಲ್ಲ ನಮ್ಮ ಮನೆಯಿಂದ ನಮಸ್ಕಾರ.

ನಿಮ್ಮ
ಶಾಂತಲಾ

ತಾ.ಕ.: ನಾಗಭೂಷಣ ಬಾಗಿಲಲ್ಲಿ ಗಾಡಿ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ, ಈಗಲೇ ಅಂಚೆ ಡಬ್ಬಿಗೆ ಹಾಕಿದರೆ ನಾಳೆ ಬೆಳಗ್ಗೆಯೇ ಹೋಗುತ್ತದಂತೆ. ಆ ಕಾಗದಕ್ಕೆ ಸಹಿ ಹಾಕಬೇಡಿ. ನೀವು ರಜೆ ಮುಗಿಸಿ ಹೊರಟ ದಿನ ನಾನು ತಟ್ಟೆ ಎತ್ತುತ್ತಾ, “ಅಲ್ಲಿನ ಊಟಾನೇ ಸೇರೋದಾದ್ರೆ ಅಲ್ಲೇ ಇದ್ಬಿಡಿ” ಅಂದೆ. ನಿಮ್ಮ ಪತ್ರದಲ್ಲಿ ಆ ಮಾತಿನ ಸುದ್ದಿಯಿಲ್ಲ. ಆದರೆ ನೀವು ಇಷ್ಟ ಕೇಳಿದ್ದು ಅದಕ್ಕೇ ಎಂದು ನನಗೆ ಗೊತ್ತು. ಈಗಾಗಲೇ ಸಹಿ ಹಾಕಿದ್ದರೆ ಸಾಹೇಬರ ಹತ್ತಿರ ಹೋಗಿ ವಾಪಸ್ಸು ಕೇಳಿ, ಹೆಂಡತಿ ಒಪ್ಪುತ್ತಿಲ್ಲ ಎಂದೇ ಹೇಳಿ. ಅಲ್ಲೇ ಇರಿ ಎಂದವಳು ನಾನು, ಕರೆಯಬೇಕಾದವಳೂ ನಾನೇ. ಬನ್ನಿ.