ಸಿಸ್ಟರಿಗೆ ಹೊದಿಸಿದ ಶಾಲು

18 ಮಾರ್ಚ್ 1995

ಇವತ್ತೂ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋಗಿದ್ದೆ. ಆರನೇ ತಿಂಗಳು. ನರ್ಸ್ ಅನುರಾಧಾ ಸಿಸ್ಟರ್ ಹೊಟ್ಟೆ ಮುಟ್ಟಿ ನೋಡಿದರು. "ಸಮೀನಾ, ಈ ಸರ್ತಿ ಕೂಸು ಗಟ್ಟಿ ಐತಿ. ಸುಮ್ಮಸುಮ್ಮನ ಅಂಜಬ್ಯಾಡ."

ಹೋದ ಸಲ ಕೂಸು ಉಳಿಯಲಿಲ್ಲ. ಅತ್ತೆಯ ಮುಂದೆ ಅಳಲಾಗದ್ದನ್ನು ಸಿಸ್ಟರ್ ಮುಂದೆ ಅತ್ತಿದ್ದೆ.

ಹೊಸ ಹೆರಿಗೆ ಕೋಣೆಯ ಗೋಡೆಗಳು ಎದ್ದಿವೆ. ಅದರಲ್ಲಿ ಮೊದಲ ಹೆರಿಗೆ ನನ್ನದೇ ಅಂತೆ!

2 ಏಪ್ರಿಲ್

ಗಡಿಯ ನಮ್ಮೂರು ಮಹಾರಾಷ್ಟ್ರಕ್ಕೆ ಸೇರಿದ್ದು; ಮುಂಬಯಿಯಲ್ಲಿ ಸರಕಾರ ಬದಲಾಗಿದೆ. ಇಲ್ಲಿ ಕೋಣೆ ಕಟ್ಟುವ ಗವಂಡಿಗಳು ಕೆಲಸ ನಿಲ್ಲಿಸಿದ್ದಾರೆ. ಹಳೆಯ ಸರಕಾರದ ಮಂಜೂರಿಗೆಲ್ಲ ತಡೆಯಂತೆ. ಯಾವ ಪಕ್ಷ ಬಂದರೂ ನನ್ನ ಹೆರಿಗೆ ನಿಲ್ಲುತ್ತದೆಯೇ?

19 ಏಪ್ರಿಲ್

ಸರಪಂಚ ಶಿವಯೋಗೆಪ್ಪನವರ ಯುಕ್ತಿ — ಈಗ ಅಧಿಕಾರಕ್ಕೆ ಬಂದ ಪಕ್ಷದ ಮುಖಂಡ ಸಾಹೇಬರನ್ನು ಕರೆಸಿ ಅವರ ಕೈಯಿಂದಲೇ ಸಿಸ್ಟರಿಗೆ ಸತ್ಕಾರ. ಖುಷಿಯಾಗಿ ತಡೆ ತೆಗೆಸುತ್ತಾರಂತೆ. ನನ್ನ ಗಂಡ ಅಶಪಾಕನಿಗೆ ಮಂಡಪದ ಕೆಲಸ. ಸಿಸ್ಟರಿಗೆ ಮಾತ್ರ ಮನಸ್ಸಿಲ್ಲ. "ನನಗ ಶಾಲು ಯಾಕ್ರಿ, ಕೋಣಿ ಮ್ಯಾಲ ಸ್ಲ್ಯಾಬ್ ಹಾಕಸ್ರಿ."

7 ಮೇ, ಮಧ್ಯಾಹ್ನ

ಶಾಲು, ತೆಂಗಿನಕಾಯಿ, ಹಾರ, ಭಾಷಣ. ಶಿವಯೋಗೆಪ್ಪನವರು ಹೊಗಳಿದ್ದೇ ಹೊಗಳಿದ್ದು. "ಸಾಹೇಬರ, ಇಂಥಾ ನರ್ಸ್ ಇಡೀ ಜಿಲ್ಲಾದಾಗ ಸಿಗಂಗಿಲ್ರಿ!" ನಾವೆಲ್ಲ ಚಪ್ಪಾಳೆ. ನಾನೂ.

ಸಾಹೇಬರು ಮೈಕಿನಲ್ಲಿ ಮರಾಠಿಯಲ್ಲಿ ಹೇಳಿದರು — ಇಷ್ಟು ಒಳ್ಳೆಯ ನರ್ಸ್ ಇಲ್ಲಿ ಸೂರಿಲ್ಲದ ಕಡೆ ಯಾಕೆ? ನನ್ನ ಸ್ವಂತ ಊರಿನ ದೊಡ್ಡ ದವಾಖಾನೆಗೆ ಕರೆಸಿಕೊಳ್ಳುತ್ತೇನೆ.

ಅದಕ್ಕೂ ಕೆಲವರು ಚಪ್ಪಾಳೆ ತಟ್ಟಿದರು. ದಡ್ಡರು... ಶಾಲು ಹೊದ್ದು ಕೂತ ಸಿಸ್ಟರ್ ಹೆಂಗಸರ ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದರು.

26 ಮೇ

ವರ್ಗಾವಣೆಯ ಆರ್ಡರ್ ಬಂತು. ಸಿಸ್ಟರ್ ಹೋದರು. ಸಾಹೇಬರ ಊರು ಕೃಷ್ಣಾ ನದಿಯ ಆಚೆ, ಅರ್ಧ ದಿನದ ದಾರಿ. ಬಸ್ಸಿನ ಕಿಟಕಿಯಿಂದ ಕೂಗಿದರು, "ನೋವು ಶುರು ಆದ್ರ ಲಗೂನ ವಿಜಾಪೂರದ ದವಾಖಾನಿಗೆ ಹೋಗು. ನನ್ನ ಹಾದಿ ಕಾಯಬ್ಯಾಡ."

ಕಾಯಬೇಡ ಎಂದರೆ ಮನಸ್ಸು ಕೇಳಬೇಕಲ್ಲ.

14 ಜೂನ್

ಬದಲಿ ನರ್ಸ್ ಬಂದಿಲ್ಲ. ಉಪಕೇಂದ್ರಕ್ಕೆ ಬೀಗ. ಆದರೂ ಆ ಕಡೆಯಿಂದಲೇ ನೀರಿಗೆ ಹೋಗುತ್ತೇನೆ. ಅತ್ತೆ ಸೈರಾಬಾನು ಬೈದರು, "ತುಂಬಿದ ಬಸರಿ, ಆ ದೂರದ ಹಾದಿ ಯಾಕ ಬೇಟಾ?" ಏನು ಹೇಳಲಿ? ಸಿಸ್ಟರ್ ಬೇಕು. ಒಮ್ಮೆ ಬಂದು ಹೊಟ್ಟೆಯ ಮೇಲೆ ಕೈಯಿಟ್ಟರೆ ಸಾಕು.

22 ಜೂನ್, ಬೆಳಿಗ್ಗೆ

ನೋವು ಶುರು. ಬಾಗಿಲಿಗೆ ಜೀಪು ಬಂದಿದೆ. ಅತ್ತೆ ಬಟ್ಟೆ ಗಂಟು ಕಟ್ಟುತ್ತಿದ್ದಾರೆ.

ಅಶಪಾಕನದು ಒಂದೇ ಮಾತು, "ವಿಜಾಪೂರ ಹತ್ರ ಐತಿ, ಅಲ್ಲೇ ಹೋಗೂಣು." ಹೌದು, ಹತ್ತಿರ. ಬುದ್ಧಿಗೆ ಗೊತ್ತು. ನದಿಯ ಆಚೆ ಮುಟ್ಟುವುದರೊಳಗೆ ಏನಾದರೂ ಆದರೆ... ಆದರೂ ಜೀವ ಸಿಸ್ಟರ್ ಇರುವಲ್ಲಿಗೇ ಎಳೆಯುತ್ತಿದೆ.

ಡ್ರೈವರ್ ಕೇಳುತ್ತಿದ್ದಾನೆ, "ಯಾ ಕಡೆ ತಿರಗಸಲ್ರಿ, ಭಾಭಿ?"

ನಾನು ಸಿಸ್ಟರ್ ಅಂದದ್ದನ್ನೇ ಅನ್ನುತ್ತೇನೆ, "ವಿಜಾಪೂರಕ್ಕ, ಲಗೂನ."