ನಾಲ್ಕನೇ ಖಾನೆ

ಕೆಂಗೇರಿ ಉಪನಗರ
14-10-2025

ವೇದಿಕೆ ಮೇಲಿನ ಗಣ್ಯರೇ, ವೇದಿಕೆ ಸಿಗದೆ ಕೆಳಗೆ ಕೂತ ಅತಿಗಣ್ಯರೇ, ಊಟದ ಹೊತ್ತಿಗೆ ಸರಿಯಾಗಿ ಬಂದ ಬಂಧುಗಳೇ, ಮತ್ತು ಈ ಸಭೆಯ ಏಕೈಕ ಸದಸ್ಯೆಯಾದ ನನ್ನ ತಮ್ಮನ ಹೆಂಡತಿ ಕುಸುಮಾ,

ಆಶೀರ್ವಾದಗಳು. ನೀನು ಫೋನ್ ಎತ್ತುತ್ತಿಲ್ಲ. ಕಾಮಾಕ್ಷಿಪಾಳ್ಯಕ್ಕೆ ಬಂದು ನಿನ್ನ ಬಾಗಿಲು ಬಡಿಯುವ ಧೈರ್ಯ ನನಗಿಲ್ಲ. ಕಾಗದವನ್ನಾದರೂ ಹರಿಯುವ ಮುಂಚೆ ಒಂದು ಸಲ ಓದುತ್ತಾರೆ ಅನ್ನುವ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.

ಮೊದಲು ವಾರ್ಷಿಕ ವರದಿ. ನಾನು ಕಟ್ಟಿದ ಹೊಸ ಸರ್ವರ್ ಸೌಖ್ಯವಾಗಿದೆ. ಸರ್ವರ್ ಅಂದರೆ ಮತ್ತೇನಲ್ಲ, ಟಿವಿ ಪಕ್ಕದ ಕರಿ ಪೆಟ್ಟಿಗೆ. ನಾಲ್ಕು ಖಾನೆ, ಖಾನೆಗೊಂದು ಹಾರ್ಡ್ ಡಿಸ್ಕ್, ಡಿಸ್ಕಿಗೊಂದು ಹಸಿರು ದೀಪ. ಮನೆಮಂದಿಯ ಫೋಟೊ, ವಿಡಿಯೊ ಎಲ್ಲಕ್ಕೂ ಅದೇ ಮನೆ. ‘ಮದುವೆ, ಸೀಮಂತ, ನಾಮಕರಣ; ಎಲ್ಲವೂ ನನ್ನ ಪೆಟ್ಟಿಗೆಗೆ ಶರಣ’ ಎಂದು ಮೇಲೊಂದು ಚೀಟಿ ಅಂಟಿಸಿದ್ದೇನೆ. ಕನ್ನಡ ಮೀಡಿಯಂ ಬಿ.ಎ. ಓದಿದವನ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಇಷ್ಟೇ ಆಗುವುದು. ಕೆಲಸದ ಕ್ರಮವೂ ಸುಲಭ. ಹಳೇ ಡಿಸ್ಕಿನಲ್ಲಿರುವುದನ್ನು ಪೆಟ್ಟಿಗೆಗೆ ಸಾಗಿಸಬೇಕು, ಆಮೇಲೆ ಆ ಡಿಸ್ಕನ್ನು ಪೂರ್ತಿ ಅಳಿಸಿ ಅದನ್ನೇ ಮುಂದಿನ ಖಾನೆಗೆ ಕೂರಿಸಬೇಕು. ಹಳೇ ಮನೆಯ ಬಾಗಿಲು ಕಿತ್ತು ಹೊಸ ಮನೆಗೆ ಹಾಕಿಕೊಂಡ ಹಾಗೆ.

ನಾಲ್ಕನೇ ಖಾನೆಗೆ ನಮ್ಮ ಜೀವನ್‌ನ ಡಿಸ್ಕ್, ನನ್ನ ತಮ್ಮನದು. ಧ್ರುವ ನಿನ್ನ ಹೊಟ್ಟೆಯಲ್ಲಿದ್ದಾಗ ಜೀವನ್ ಅವನ ಜೊತೆ ಮಾತಾಡಿ ರೆಕಾರ್ಡ್ ಮಾಡಿಟ್ಟ ಇಪ್ಪತ್ತಮೂರು ತುಣುಕು ಅದರಲ್ಲಿದ್ದವು. ಮಗುವಿಗೆ ಹೆಸರಿಡುವ ಮುಂಚೆಯೇ ಮೈಸೂರು ರಸ್ತೆಯ ಅಪಘಾತದಲ್ಲಿ ಅವನೂ ಹೋದ, ಅವನ ಫೋನೂ ಹೋಯಿತು. ಉಳಿದ ಪ್ರತಿ ಅದೊಂದೇ. ನೀನೇ ತಂದುಕೊಟ್ಟು, “ಭಾವ, ಇವ್ನು ಸ್ವಲ್ಪ ದೊಡ್ಡೋನಾಗ್ಲಿ. ಈಗ ನನ್ ಕೈಲಿ ಕೇಳಕ್ಕಾಗಲ್ಲ” ಅಂದಿದ್ದೆ. ಐದು ವರ್ಷ ಕಾದೆ. ಹಬ್ಬ ಮುಗಿದ ಭಾನುವಾರ ನೀನೇ ಧ್ರುವನನ್ನು ಕರೆತಂದೆ. ಅವನು ಶೂ ಕೂಡ ಬಿಚ್ಚಲಿಲ್ಲ. “ದೊಡ್ಡಪ್ಪಾ, ನಮ್ಮಪ್ಪ ಎಲ್ಲಿಂದ ಮಾತಾಡ್ತಾರೆ? ಟಿವಿಯಿಂದಾನಾ, ಪೆಟ್ಟಿಗೆಯಿಂದಾನಾ?” ಅಂದ.

ಆಯುಧಪೂಜೆ ದಿನ ಅಮ್ಮ ತೀರ್ಥ ಚಿಮುಕಿಸಿದಳು, ಡಿಸ್ಕಿಗೆ ನೀರಿಳಿದು ಕೆಟ್ಟುಹೋಯಿತು ಎಂದು ನಾನು ಹೇಳಿದೆ. ಅಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. “ಅತ್ತೆ, ನಿಮ್ ಪೂಜೆ ನನ್ ಮಗನ್ನ ಎರಡನೇ ಸಲ ತಬ್ಬಲಿ ಮಾಡ್ತು” ಅಂದು ನೀನು ನೀರೂ ಕುಡಿಯದೆ ಹೊರಟೆ.

ಈಗ ಹಬ್ಬದ ದಿನದ ಕಲಾಪ. ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಅರೆಬರೆ ಯಂತ್ರಕ್ಕೆ ಪೂಜೆಯಿಲ್ಲ ಎನ್ನುವುದು ಅಮ್ಮನ ಕಾನೂನು. ಮೂರು ಖಾನೆ ತುಂಬಿದ್ದವು. “ಮುಂದಿನ ಹಲ್ಲು ಬಿದ್ದಂಗೈತೆ. ಹಿಂಗೇ ಕುಂಕುಮ ಇಡ್ಲೇನೋ? ಬಿರ್ರನೆ ಮುಗ್ಸು” ಎಂದು ತಟ್ಟೆ ಹಿಡಿದು ನಿಂತಿದ್ದಳು. ಜೀವನ್‌ನ ಡಿಸ್ಕಿನಿಂದ ಮದುವೆ ಫೋಟೊ, ಗೃಹಪ್ರವೇಶ, ಅವನು ಇಳಿಸಿಟ್ಟುಕೊಂಡಿದ್ದ ಸಿನಿಮಾಗಳು, ಎಲ್ಲ ಸಾಗಿದವು. ಕೊನೆಗೆ ಪರದೆ ಮೇಲೊಂದು ಸಾಲು ಬಂತು: ಇಪ್ಪತ್ತಮೂರು ಫೈಲು ಓದಲು ಆಗುತ್ತಿಲ್ಲ, ಮತ್ತೆ ಪ್ರಯತ್ನಿಸಲೇ, ಬಿಟ್ಟು ಮುಂದೆ ಹೋಗಲೇ? ಗಂಟೆ ಹನ್ನೊಂದು ನಲವತ್ತು.

ನಾನು ರಾಹುಕಾಲ ನಂಬುವವನಲ್ಲ. ಹಸಿರು ದೀಪ ನಂಬುವವನು. ನಾಲ್ಕೂ ದೀಪ ಒಟ್ಟಿಗೆ ಉರಿಯುವುದನ್ನು ಪ್ರಸಾದಕ್ಕೆ ಬರುವ ಅಕ್ಕಪಕ್ಕದವರಿಗೆ ತೋರಿಸಬೇಕಿತ್ತು. ‘ದೀಪ ನಾಲ್ಕು, ಹೊಗಳಿಕೆ ಸಾಕು’ ಅಂತ ಪ್ರಾಸ ಕೂಡ ಸಿದ್ಧವಿತ್ತು.

ಸಭೆ ಮುಗಿಯಿತು, ಕುಸುಮಾ.

ತೀರ್ಥ ಬಿದ್ದದ್ದು ಪೆಟ್ಟಿಗೆಯ ಮುಚ್ಚಳಕ್ಕೆ, ನಾಲ್ಕು ಹನಿ. ಅಷ್ಟು ಹೊತ್ತಿಗೆ ಜೀವನ್‌ನ ದನಿ ಇರಲೇ ಇಲ್ಲ. ಬಿಟ್ಟು ಮುಂದೆ ಹೋಗು ಅಂತ ಒತ್ತಿದವನು ನಾನು. ಯಾವ ಇಪ್ಪತ್ತಮೂರು ಅಂತ ತೆರೆದು ನೋಡದೆ ಡಿಸ್ಕ್ ಅಳಿಸಿದವನು ನಾನು. ಸಂಜೆ ಪೆಟ್ಟಿಗೆಯಲ್ಲಿ ಆ ತುಣುಕುಗಳನ್ನು ಹುಡುಕಿದೆ, ಒಂದೂ ಸಿಗಲಿಲ್ಲ. ಮರುದಿನ ವಿಜಯನಗರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೊತ್ತೊಯ್ದೆ. “ಬರೀ ಕೆಟ್ಟಿದ್ರೆ ಏನಾದ್ರೂ ಟ್ರೈ ಮಾಡ್ಬೋದಿತ್ತು ಸಾರ್. ನೀವು ಅಳಿಸಿ ಮೇಲೆ ಬರೆದ್ಬಿಟ್ಟಿದೀರ” ಅಂದ ಅಂಗಡಿಯವನು. ಮೂರು ದಿನ ಬಿಟ್ಟು ನೀನು ಬಂದಾಗ ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅಮ್ಮನ ಕಡೆ ಕೈ ತೋರಿಸಿದೆ.

ಬೈಯುವುದೆಲ್ಲ ನನಗೆ ಇರಲಿ. ಅಮ್ಮನಿಗೊಂದು ಫೋನ್ ಮಾಡು.

ನಿನ್ನ ಭಾವ,
ಭೈರೇಶ್

ಮ.ವಿ.: ಅಮ್ಮನಿಗೆ ಇನ್ನೂ ಹೇಳಿಲ್ಲ. ತಾನೇ ಮಗನ ದನಿ ಕೆಡಿಸಿದೆ ಎಂದು ನಂಬಿದ್ದಾಳೆ. ನೆಂದ ಮೊಬೈಲನ್ನು ಅಕ್ಕಿಯಲ್ಲಿಟ್ಟರೆ ಸರಿಹೋಗುತ್ತದೆಂದು ಯಾರೋ ಹೇಳಿದರಂತೆ, ಡಿಸ್ಕ್ ಕೊಡು ಅಂದಳು. ಜೀವನ್‌ನದು ಪೆಟ್ಟಿಗೆಯಲ್ಲೇ ಇತ್ತು. ಎಂದೋ ಸತ್ತುಹೋದ ಬೇರೊಂದನ್ನು ಕೊಟ್ಟೆ. ದಿನಾ ಬೆಳಿಗ್ಗೆ ಅಕ್ಕಿ ಡಬ್ಬಿಯಿಂದ ತೆಗೆದು, ಒರೆಸಿ, ಕಿವಿಗಿಟ್ಟುಕೊಂಡು, ಮತ್ತೆ ಹೂತಿಡುತ್ತಾಳೆ. ಇವತ್ತು, “ಸಣ್ಣಗೆ ಏನೋ ಅಂದ ಕಣೋ” ಅಂದಳು.